ಗುಲಾಬಿಯ ಕಾವಲುಗಾರರು ಕಾಣೆಯಾದದ್ದು

“ರೀ! ಬೇಗ ಬನ್ನಿ ರೀ ಮೇಲೆ! ಕೊಂದುಬಿಟ್ಟಿದಾರೆ!”

ತಾರಸಿಯಿಂದ ಬಂದ ಈ ಕೂಗಿಗೆ ಕಂಡಕ್ಟರನ ಕೈಯಲ್ಲಿದ್ದ ರೇಜರು ಕೆನ್ನೆಯ ನಡುವೆಯೇ ನಿಂತಿತು. ವಾರಕ್ಕೊಂದು ರಜೆ. ಅವತ್ತೂ ನೆಮ್ಮದಿಯಾಗಿ ಗಡ್ಡ ಹೆರೆಯುವ ಯೋಗವಿಲ್ಲ ಎಂದರೆ ಏನು ಹೇಳೋಣ! ಅರ್ಧ ಮುಖಕ್ಕೆ ನೊರೆ, ಹೆಗಲ ಮೇಲೆ ಟವೆಲ್ಲು — ಹಾಗೆಯೇ ಮೆಟ್ಟಿಲು ಹಾರಿ ಹಾರಿ ಮೇಲಕ್ಕೆ ಓಡಿದ.

ತಾರಸಿಯ ಮೂಲೆಯಲ್ಲಿ ಹಳೆಯ ಕಿಟಕಿಗಳನ್ನೇ ಜೋಡಿಸಿ ಕಟ್ಟಿದ ಪುಟ್ಟ ಗಾಜಿನ ಮನೆ. ಅದರ ಬಾಗಿಲಲ್ಲಿ ಅವನ ಹೆಂಡತಿ ನಿಂತಿದ್ದಳು. ಒಂದು ಪಾದಕ್ಕೆ ಬ್ಯಾಂಡೇಜು, ಕಂಕುಳಲ್ಲಿ ಊರುಗೋಲು, ಕಣ್ಣ ತುಂಬ ನೀರು. ಆರಡಿಗೆ ತುಸುವೇ ಕಡಿಮೆ ಇರುವ ಈ ಹೆಂಗಸಿಗೆ ತವರಿನವರು ಇಟ್ಟ ಮುದ್ದಿನ ಹೆಸರು ಪುಟ್ಟಿ. ಅವಳು ಬೆಳೆಯುತ್ತಾ ಹೋದಳು, ಹೆಸರು ಮಾತ್ರ ಇದ್ದಲ್ಲೇ ಇತ್ತು.

“ಯಾರನ್ನೇ ಕೊಂದಿದಾರೆ?”

“ನನ್ನ ಕಾವಲುಗಾರರನ್ನ! ಒಂದೂ ಉಳಿದಿಲ್ಲ. ಗಿಡದ ಗತಿ ನೋಡಿ!”

ನೋಡಿದ. ಗುಲಾಬಿಯ ಎಲೆಗಳೆಲ್ಲ ಮುದುರಿಕೊಂಡಿದ್ದವು. ಯಾರೋ ಸಕ್ಕರೆ ಪಾಕ ಸುರಿದ ಹಾಗೆ ಅಂಟಂಟು, ಅದರ ಮೇಲೆ ಮಸಿ ಹಿಡಿದ ಹಾಗೆ ಕಪ್ಪು. ಚಿಗುರುಗಳ ಸುತ್ತ ಹಸಿರು ಹೇನುಗಳು ತಿಲಮಾತ್ರ ಜಾಗ ಬಿಡದೆ ಕೂತು ರಸ ಹೀರುತ್ತಿದ್ದವು. ಮೊಗ್ಗುಗಳು ಉದುರಿ ಕುಂಡದ ಕೆಳಗೆ ಹಾಸಿದ್ದ ಬಿಳೀ ಹಾಳೆಯ ಮೇಲೆ ಬಿದ್ದಿದ್ದವು. ತುದಿಯಲ್ಲಿ ಒಂದೇ ಒಂದು ಉಳಿದಿತ್ತು, ಅದೂ ತಲೆ ಬಗ್ಗಿಸಿತ್ತು.

ಇದು ಅಂಗಡಿಯಲ್ಲಿ ಸಿಗುವ ಗುಲಾಬಿಯಲ್ಲ. ಪುಟ್ಟಿ ಶಾಲೆಯಲ್ಲಿ ಲೆಕ್ಕದ ಟೀಚರು. ಮನೆಗೆ ಬಂದರೆ ಗುಲಾಬಿ, ಗುಲಾಬಿ, ಗುಲಾಬಿ. ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಸವರಿ, ಬೀಜ ಕಟ್ಟಿಸಿ, ಬಿತ್ತಿ, ಸರಿಯಿಲ್ಲವೆಂದು ಕಿತ್ತು, ಮತ್ತೆ ಬಿತ್ತಿ — ವರ್ಷಗಟ್ಟಲೆ ಇದೇ ಪಾಡು ಪಟ್ಟ ಮೇಲೆ ಹುಟ್ಟಿದ ಗಿಡ. ಹಾಲು ಬೆರೆಸಿದ ಚಹಾದ ಬಣ್ಣದ ಹೂ, ಒಳಗೆ ನಸುಗೆಂಪು. ಲೋಕದಲ್ಲಿ ಇರುವುದು ಇದೊಂದೇ ಗಿಡ. ಕಸಿ ಮಾಡೋಣವೆಂದರೆ ಕಡ್ಡಿ ಇನ್ನೂ ಬಲಿತಿಲ್ಲ. ಇದು ಸತ್ತರೆ ಮುಗಿಯಿತು, ಇನ್ನೊಮ್ಮೆ ಹುಟ್ಟುವ ಜಾತಿಯಲ್ಲ.

“ಯಾರು ಮಾಡಿದ್ದು ಅಂತ ನನಗೆ ಗೊತ್ತು,” ಪುಟ್ಟಿ ಪಕ್ಕದ ತಾರಸಿಯ ಗೋಡೆಯ ಕಡೆ ಕೈ ತೋರಿಸಿದಳು. “ಆ ಔಷಧಿ ಅಂಗಡಿಯವರು! ಪ್ರತಿ ಸಲ ಹೂವಿನ ಪ್ರದರ್ಶನದಲ್ಲಿ ಬಹುಮಾನದ ಕಪ್ಪು ಅವರಿಗೇ. ಈ ಸಲ ಕೈ ತಪ್ಪತ್ತೆ ಅಂತ ಗೊತ್ತಾಗಿ ವಿಷ ಹೊಡೆದಿದಾರೆ. ಅವರ ಗಿಡಗಳನ್ನ ನೋಡಿ, ಹೇಗೆ ನಳನಳಿಸ್ತಿವೆ!”

ನಿಜವೇ. ಗೋಡೆಯಾಚೆಯ ಗುಲಾಬಿಗಳು ಮೈತುಂಬ ಹೂ ಬಿಟ್ಟುಕೊಂಡು ಇವರ ಕಡೆಗೇ ಇಣುಕುತ್ತಿದ್ದವು.

“ಸುಮ್ಮನೆ ಯಾರ ಮೇಲೂ—”

“ಯಾರೇ ಆಗಿರಲಿ ರೀ. ಪಕ್ಕದವರಾಗಲಿ, ನಮ್ಮವರೇ ಆಗಲಿ. ಈ ಕೆಲಸ ಮಾಡಿದವರು ಇನ್ನು ಈ ಮನೆ ಹೊಸ್ತಿಲು ತುಳಿಯೋ ಹಾಗಿಲ್ಲ. ನಾನು ಹೇಳಿದೀನಿ!”

ಪುಟ್ಟಿ ಒಮ್ಮೆ ಹೇಳಿದರೆ ಹೇಳಿದಂತೆಯೇ. ಕಂಡಕ್ಟರ್ ಮಿಕ್ಕ ಗಡ್ಡವನ್ನು ಹಾಗೆಯೇ ಬಿಟ್ಟು ಫೋನು ತೆಗೆದುಕೊಂಡ.

*

ಪುಟ್ಟಿಯ ಸೋದರತ್ತೆ ಪೊಲೀಸ್ ಇಲಾಖೆಯಲ್ಲಿ ಕಾಣೆಯಾದವರನ್ನು ಹುಡುಕುವ ವಿಭಾಗದಲ್ಲಿದ್ದು ನಿವೃತ್ತರಾದವರು. ಇಲಾಖೆ ಅವರನ್ನು ಬಿಟ್ಟಿತ್ತು, ಅವರು ಇಲಾಖೆಯನ್ನು ಬಿಟ್ಟಿರಲಿಲ್ಲ. ಮದುವೆಮನೆಗೆ ಹೋದರೂ ‘ಗಂಡಿನ ಚಿಕ್ಕಪ್ಪ ಯಾಕೆ ಕಾಣ್ತಿಲ್ಲ’ ಎಂದು ಮೊದಲು ಕೇಳುತ್ತಿದ್ದರು. ಕಂಡಕ್ಟರ್ ಎದುರಿಗೆ ‘ಅತ್ತೆ’ ಎನ್ನುತ್ತಿದ್ದ, ಹಿಂದಿನಿಂದ ‘ಇನ್‌ಸ್ಪೆಕ್ಟರ್ ಅತ್ತೆ’.

ಬಂದವರೇ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಗಾಜಿನ ಮನೆಗೆ ನುಗ್ಗಿದರು. ಗಿಡದ ಸುತ್ತ ಒಂದು ಸುತ್ತು. ಎಲೆ ಎತ್ತಿ ನೋಡಿದರು, ನೆಲ ಮುಟ್ಟಿ ನೋಡಿದರು. ಕಾಂಡದ ಮೇಲೆ ಸಾಲಾಗಿ ಹೋಗುತ್ತಿದ್ದ ಇರುವೆಗಳನ್ನು ಸ್ವಲ್ಪ ಹೊತ್ತು ದಿಟ್ಟಿಸಿದರು.

“ಕಾಣೆಯಾದವರ ಚಹರೆ ಹೇಳು, ಪುಟ್ಟಿ.”

“ಅತ್ತೆ, ತಮಾಷೆ ಮಾಡ್ಬೇಡಿ.”

“ತಮಾಷೆ ಎಲ್ಲಿ ಬಂತು? ಬಣ್ಣ?”

“ಕಪ್ಪು. ಬೆನ್ನ ಮೇಲೆ ಕಿತ್ತಳೆ ಮಚ್ಚೆ.”

“ಮೈಕಟ್ಟು?”

“ಉದ್ದಕ್ಕೆ, ಮುಳ್ಳುಮುಳ್ಳಾಗಿ. ಮೊಸಳೆ ಮರೀನ ಅಕ್ಕಿ ಕಾಳಿನಷ್ಟು ಮಾಡಿದ ಹಾಗೆ. ಆರು ಕಾಲು. ನೋಡಿದ್ರೆ ಅಸಹ್ಯ ಆಗ್ಬೇಕು, ಹಾಗಿರತ್ತೆ. ದೊಡ್ಡದಾದ್ಮೇಲೆ ಅದೇ ಗುಲಗಂಜಿ ಹುಳ ಆಗತ್ತೆ — ಕೆಂಪು ಬೆನ್ನು, ಕರಿ ಚುಕ್ಕಿ, ಮಕ್ಕಳೆಲ್ಲ ಅಂಗೈ ಮೇಲೆ ಬಿಟ್ಕೋತಾರಲ್ಲ, ಅದು. ಮರಿಯಾಗಿದ್ದಾಗ ಮಾತ್ರ ಯಾರೂ ಗುರುತು ಹಿಡಿಯಲ್ಲ.”

“ಉದ್ಯೋಗ?”

“ಹೇನು ತಿನ್ನೋದು! ಹೊಟ್ಟೆಬಾಕ ಅಂದ್ರೆ ಹೊಟ್ಟೆಬಾಕ. ಗಿಡಾನ ಹೇನು ತಿನ್ನತ್ತೆ, ಹೇನನ್ನ ಇವು ತಿನ್ನತ್ವೆ. ವಿಷ ಹೊಡೆಯೋದು ಬೇಡ ಅಂತ ದುಡ್ಡು ಕೊಟ್ಟು ತರಿಸಿ, ಒಂದೊಂದನ್ನೂ ಕುಂಚದಲ್ಲಿ ಎತ್ತಿ ಎಲೆ ಮೇಲೆ ಬಿಟ್ಟಿದ್ದೆ. ಮಾರನೇ ದಿನವೇ ಸ್ಟೂಲಿಂದ ಬಿದ್ದೆ. ಡಾಕ್ಟ್ರು ಮೆಟ್ಟಿಲು ಹತ್ತಬಾರದು ಅಂದ್ರು. ಇವತ್ತು ಹತ್ತಿ ಬಂದ್ರೆ—” ಪುಟ್ಟಿ ಮುದುರಿದ ಎಲೆಯೊಂದನ್ನು ಮಗುಚಿ ತೋರಿಸಿದಳು.

ಆಗ ಬಾಗಿಲಲ್ಲಿ ಟಣಟಣ ಸದ್ದಾಯಿತು. ಕಂಡಕ್ಟರನ ತಂದೆ ಚಹಾದ ಟ್ರೇ ಹಿಡಿದು ನಿಂತಿದ್ದರು. ಕಪ್ಪುಗಳು ಸಾಸರಿನ ಮೇಲೆ ನಡುಗುತ್ತಿದ್ದವು. ಬೀದಿಯವರೆಲ್ಲ ಅವರನ್ನು ಗಡಿಯಾರದ ತಾತ ಎನ್ನುವರು. ಜೀವಮಾನವೆಲ್ಲ ಸಣ್ಣದೊಂದು ಅಂಗಡಿಯಲ್ಲಿ ಕೂತು ಕೈಗಡಿಯಾರ ರಿಪೇರಿ ಮಾಡಿ, ಕೊನೆಗೆ ರಿಪೇರಿಗೆ ಬರುವವರೇ ಇಲ್ಲವಾಗಿ, ಬಾಗಿಲು ಹಾಕಿ ಮಗನ ಮನೆಗೆ ಬಂದಿದ್ದರು. ಈಗಷ್ಟೇ ಎದ್ದು ಬಂದಂತಿದ್ದರು. ಬಲಗಣ್ಣಿನ ಸುತ್ತ ಕೆಂಪು ಗೆರೆ, ದಿಂಬು ಒತ್ತಿದ್ದಿರಬೇಕು.

“ಲೋ,” ಎಂದರು ಮಗನಿಗೆ, “ಅವಳಿಗೆ ಹೇಳು, ಸಕ್ಕರೆ ಕಮ್ಮಿ ಹಾಕಿದೀನಿ ಅಂತ.”

ಪುಟ್ಟಿ ಒಂದು ಮಾರು ದೂರದಲ್ಲಿದ್ದಳು. “ರೀ, ಅಷ್ಟೇ ಸಾಕು ಅಂತ ಹೇಳಿ ಮಾವನಿಗೆ.”

“ಸಾಕಂತೆ, ಅಪ್ಪ,” ಎಂದ ಕಂಡಕ್ಟರ್.

ಈ ಮನೆಯ ರೀತಿಯೇ ಹೀಗೆ. ಮಾವ-ಸೊಸೆಗೆ ಜಗಳ ಇರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು, ಜಗಳಕ್ಕಾದರೂ ಮಾತಾಡುತ್ತಿದ್ದರು. ಇವರಿಗೆ ಇದ್ದದ್ದು ಸಂಕೋಚ, ಅತಿ ಮರ್ಯಾದೆ. ಓದಿದ ಸೊಸೆ ಏನೆಂದುಕೊಂಡಾಳೋ ಎಂದು ಅವರಿಗೆ, ಹಿರಿಯರ ಎದುರು ಬಾಯಿ ಹೆಚ್ಚಾದೀತೋ ಎಂದು ಇವಳಿಗೆ. ಮಧ್ಯದಲ್ಲಿ ಕಂಡಕ್ಟರ್. ಬಸ್ಸಿನಲ್ಲಿ ಟಿಕೆಟ್ಟು ಹಂಚಿ ಬಂದು ಮನೆಯಲ್ಲಿ ಮಾತು ಹಂಚುತ್ತಿದ್ದ. ಅದನ್ನೂ ಬಲು ಚೆನ್ನಾಗಿ ಮಾಡುತ್ತೇನೆಂದು ಅವನಿಗೆ ಒಳಗೊಳಗೇ ಹೆಮ್ಮೆ.

ತಾತ ಟ್ರೇ ಇಟ್ಟು, ಗಿಡವನ್ನೊಮ್ಮೆ ನೋಡಿ, ಏನೂ ಹೇಳದೆ ಇಳಿದು ಹೋದರು. ಅತ್ತೆ ಚಹಾ ಹೀರುತ್ತಾ ಅವರ ಬೆನ್ನನ್ನೇ ನೋಡುತ್ತಿದ್ದರು.

“ಅಳಿಯಂದ್ರೇ, ನೀರು ಹಾಕ್ತಿದ್ದವರು ಯಾರು?”

“ನಾನೇ. ಬೆಳಕಾಗೋ ಮೊದಲೇ ಬುಡಕ್ಕೆ ಸುರಿದು ಓಡ್ತಿದ್ದೆ. ಮೊದಲನೇ ಬಸ್ಸು ನನ್ನದು.”

“ಎಲೆ ಮುಟ್ಟಿದ್ರಾ?”

“ಅಯ್ಯೋ, ಅದನ್ನ ಮುಟ್ಟೋ ಧೈರ್ಯ ನನಗೆಲ್ಲಿದೆ!”

“ಹುಳ ಬಿಟ್ಟಿರೋದು ಯಾರ್ಯಾರಿಗೆ ಗೊತ್ತಿತ್ತು?”

“ನನಗೆ ಗೊತ್ತಿತ್ತು. ಅಪ್ಪನಿಗೂ ಗೊತ್ತು. ಪುಟ್ಟಿ ಹೇಳಿ ಅಂದ್ಲು, ನಾನು ಆವಾಗಲೇ ಮೆಟ್ಟಿಲಿಂದ ಕೂಗಿ ಹೇಳಿದೆ.”

“ಏನಂತ?”

“‘ಅಪ್ಪಾ, ಗುಲಾಬಿ ಗಿಡದಲ್ಲಿ ಹುಳ ಬಿಟ್ಟಾಗಿದೆಯಂತೆ’ ಅಂತ.”

“ಅಷ್ಟೇನಾ?”

“ಅಷ್ಟೇ. ಇನ್ನೇನಿದೆ ಹೇಳೋಕೆ?”

“ಹೂಂ,” ಎಂದರು ಅತ್ತೆ, ಆ ‘ಹೂಂ’ ಸ್ವಲ್ಪ ಉದ್ದವಾಯಿತು. “ನಡೀರಿ, ಪಕ್ಕದ ಮನೆಗೆ.”

*

ಔಷಧಿ ಅಂಗಡಿಯವರು ಬಾಗಿಲು ತೆರೆದು ಹಲ್ಲು ಕಿರಿದರು. ಗುಂಡಗಿನ ಮನುಷ್ಯ. ಬೀದಿಯಲ್ಲಿ ಅವರಿಗೆ ‘ಊಟ ಆದ್ಮೇಲೆ’ ಎಂದೇ ಅಡ್ಡಹೆಸರು. ಯಾವ ಮಾತನ್ನೂ ಹಾಗೆಯೇ ಮುಗಿಸುವುದು ಅಭ್ಯಾಸವಾಗಿಬಿಟ್ಟಿತ್ತು.

“ಬನ್ನಿ ಮೇಡಂ, ಕೂತ್ಕೊಳ್ಳಿ. ಪುಟ್ಟಿ ಕಾಲು ಹೇಗಿದೆ? ನೋವಿನ ಮಾತ್ರೆ ಬಿಡಬಾರದು, ದಿನಕ್ಕೆರಡು, ಊಟ ಆದ್ಮೇಲೆ—”

“ನಿಮ್ಮ ಗುಲಾಬಿ ನೋಡಬೇಕಿತ್ತು.”

ಅವರ ಮುಖ ಅರಳಿತು. ತಾರಸಿಗೆ ಕರೆದುಕೊಂಡು ಹೋಗಿ ಒಂದೊಂದು ಗಿಡವನ್ನೂ ಮಗಳನ್ನು ತೋರಿಸಿದ ಹಾಗೆ ತೋರಿಸಿದರು. ಎಲೆಗಳಲ್ಲಿ ಒಂದು ಹೇನಿಲ್ಲ, ಒಂದು ಮಚ್ಚೆಯಿಲ್ಲ. ಕಂಡಕ್ಟರ್ ಹಲ್ಲು ಕಚ್ಚಿಕೊಂಡ.

“ಯಾವ ಔಷಧಿ ಹೊಡೆದ್ರಿ?” ಅತ್ತೆಯ ಪ್ರಶ್ನೆ ನೇರವಾಗಿತ್ತು.

“ಯಾವುದೂ ಇಲ್ಲ.”

“ಸುಳ್ಳು ಬೇಡ! ಪ್ರತಿ ಸಲ ನೀವು ಹೊಡೆಯೋ ಔಷಧಿಯ ವಾಸನೆ ನಮ್ಮನೆ ಅಡುಗೆಮನೆ ತನಕ ಬರತ್ತೆ,” ಎಂದ ಕಂಡಕ್ಟರ್.

“ಪ್ರತಿ ಸಲ ಹೌದಪ್ಪ, ಈ ಸಲ ಇಲ್ಲ.” ಗುಂಡಗಿನ ಮುಖ ಕೆಂಪಾಯಿತು. “ಪುಟ್ಟಿ ಕಾಲು ಮುರ್ಕೊಂಡು ಕೆಳಗೆ ಮಲಗಿದಾಳೆ. ಗಾಳಿಗೆ ಹಾರಿ ಅವಳ ಗಿಡದ ಮೇಲೆ ಬಿದ್ರೆ, ತೊಳೆಯೋರು ಯಾರು? ಗೆದ್ರೆ ಅವಳು ಎದುರು ನಿಂತಿದ್ದಾಗ ಗೆಲ್ಲಬೇಕು. ನನ್ನ ಗಿಡಕ್ಕೂ ಹೇನು ಮುತ್ತಿತ್ತು. ಹಾಳಾಗಿ ಹೋಗ್ಲಿ ಅಂತ ಬಿಟ್ಟೆ. ತಾನಾಗೇ ಹೋಯ್ತು! ನನಗೂ ಅರ್ಥ ಆಗಿಲ್ಲ.”

ಕಂಡಕ್ಟರನ ಮುಖದ ಬಿಗುವು ಸಡಿಲವಾಯಿತು. ಇಂಥ ಮಾತಾಡುವವನ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ?

ಅತ್ತೆ ಎರಡು ಮನೆಗಳ ನಡುವಿನ ಗೋಡೆಗೆ ತಾಗಿದ ಗಿಡದ ಮುಂದೆ ಬಗ್ಗಿದರು. ಕನ್ನಡಕ ಮೇಲೆ ಮಾಡಿ, ಕೆಳಗೆ ಮಾಡಿ, ಒಂದು ಎಲೆಯನ್ನು ಮಗುಚಿ ನೋಡಿದರು. ಸೊಂಟಕ್ಕೆ ಕೈ ಕೊಟ್ಟು ನೆಟ್ಟಗಾದರು.

“ಸಾಕು. ನೀವೂ ಸ್ವಲ್ಪ ಹೊತ್ತಲ್ಲಿ ನಮ್ಮ ತಾರಸಿಗೆ ಬನ್ನಿ.”

“ಬರ್ತೀನಿ ಮೇಡಂ. ಊಟ ಆದ್ಮೇಲೆ.”

“ಊಟಕ್ಕೆ ಮುಂಚೆ!”

*

ಮನೆಗೆ ಬಂದ ಕಂಡಕ್ಟರ್ ಅಪ್ಪನ ಕೋಣೆಗೆ ಇಣುಕಿದ. ಅಪ್ಪ ಮಂಚದ ಮೇಲೆ ಚೀಲ ಇಟ್ಟುಕೊಂಡು ಅಂಗಿ ಮಡಿಸುತ್ತಿದ್ದರು. ಒಂದೇ ಅಂಗಿಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತಿದ್ದರು.

“ಎಲ್ಲಿಗಪ್ಪಾ?”

“ನಿನ್ನ ಅಕ್ಕನ ಮನೆಗೆ ಹೋಗಿ ಇರ್ತೀನಿ ಸ್ವಲ್ಪ ದಿನ.”

“ಈಗ ಯಾಕೆ?”

“ಸುಮ್ನೆ.”

ಅಪ್ಪನ ಕಣ್ಣು ಮಗನ ಕಡೆ ತಿರುಗಲಿಲ್ಲ. ಚಹಾದ ಟ್ರೇ ನಡುಗಿದ್ದು, ಗಿಡ ನೋಡಿ ಬಾಯಿ ಬಿಡದೆ ಹೋದದ್ದು, ಈಗ ಈ ಚೀಲ. ಅಪ್ಪನೇ? ಯಾಕೆ? ಒಂದು ಇರುವೆ ತುಳಿದರೂ ಚಡಪಡಿಸುವ ಮನುಷ್ಯ! ಪುಟ್ಟಿ ಬೆಳಗ್ಗೆ ಹೇಳಿದ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು — ನಮ್ಮವರೇ ಆಗಲಿ, ಹೊಸ್ತಿಲು ತುಳಿಯೋ ಹಾಗಿಲ್ಲ.

ಅವನು ಒಂದೇ ಉಸಿರಿಗೆ ತಾರಸಿಗೆ ಓಡಿ ಅತ್ತೆಯನ್ನು ಮೂಲೆಗೆ ಕರೆದ.

“ಅತ್ತೆ, ಕೇಸು ಮುಚ್ಚಿಬಿಡಿ. ನಾನೇ ಮಾಡಿದ್ದು.”

“ಏನು ಮಾಡಿದ್ರಿ?”

“ಅದೇ… ಹುಳ… ಕೊಂದೆ. ನೀರಿಗೆ ಸೋಪು ಹಾಕಿ… ಏನೋ ಒಂದು ಬರ್ಕೊಳ್ಳಿ. ನಾನು ಬೇಕಾದ್ರೆ ಡಿಪೋದಲ್ಲೇ ಮಲಗ್ತೀನಿ. ಅಪ್ಪ ಈ ವಯಸ್ಸಲ್ಲಿ ಎಲ್ಲಿಗೂ ಹೋಗೋದು ಬೇಡ.”

ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿದರು. ಎಷ್ಟು ಗಟ್ಟಿ ಹೆಂಗಸು, ಆದರೂ ಕಣ್ಣಂಚು ಒದ್ದೆಯಾಯಿತು. ಕೂಡಲೇ ಮೂಗು ಒರೆಸಿಕೊಂಡು ಗದರಿದರು: “ಸುಳ್ಳು ಹೇಳೋಕೂ ಒಂದು ಯೋಗ್ಯತೆ ಬೇಕು. ಹೋಗಿ ಬೀಗರನ್ನ ಕರ್ಕೊಂಡು ಬನ್ನಿ.”

*

ಗಾಜಿನ ಮನೆಯ ಮುಂದೆ ಎಲ್ಲರೂ ಸೇರಿದರು. ಪುಟ್ಟಿ ಕುರ್ಚಿಯಲ್ಲಿ, ಪಾದ ಸ್ಟೂಲಿನ ಮೇಲೆ. ಔಷಧಿ ಅಂಗಡಿಯವರು ಗೋಡೆಗೆ ಒರಗಿ. ತಾತ ಮೆಟ್ಟಿಲ ಬಾಗಿಲ ಹತ್ತಿರ ತಲೆ ತಗ್ಗಿಸಿ. ಕಂಡಕ್ಟರ್ ಅಪ್ಪನ ಮುಂದೆ ಅಡ್ಡ ನಿಂತಿದ್ದ, ಯಾರೋ ಕಲ್ಲೆಸೆಯುತ್ತಾರೇನೋ ಎಂಬ ಹಾಗೆ.

“ಪುಟ್ಟಿ,” ಅತ್ತೆ ಆರಂಭಿಸಿದರು, “ನೀನು ಬೆಳಗ್ಗೆಯಿಂದ ಕೊಲೆ, ಕೊಲೆ ಅಂತಿದೀಯ. ಹೆಣ ಎಲ್ಲಿ?”

“ಹೆಣ?”

“ವಿಷ ಹೊಡೆದಿದ್ರೆ ಹುಳ ಸತ್ತು ಕೆಳಗೆ ಬಿದ್ದಿರಬೇಕು. ಕುಂಡದ ಕೆಳಗೆ ಬಿಳೀ ಹಾಳೆ ಹಾಸಿದೀಯ. ಉದುರಿದ ಮೊಗ್ಗು ಇದೆ, ಎಲೆ ಇದೆ. ಒಂದು ಹುಳ ಇಲ್ಲ. ಇರುವೆಗಳು ಆರಾಮಾಗಿ ಓಡಾಡ್ತಿವೆ. ನಿನ್ನ ಹುಳಾನ ಕೊಂದು ಇರುವೇನ ಬಿಡೋ ವಿಷ ಯಾವುದಮ್ಮ?”

ಪುಟ್ಟಿ ಕತ್ತು ಚಾಚಿ ಹಾಳೆಯ ಕಡೆ ನೋಡಿದಳು.

“ಕೊಲೆ ಅಲ್ಲ. ಅಪಹರಣ! ನಿಮ್ಮೆಲ್ಲರ ತಪ್ಪೇ ಅದು. ಗಿಡ ಹಾಳಾಯ್ತು ಅಂದಕೂಡಲೇ ಯಾರು ಬಂದ್ರು, ಏನು ಹಾಕಿದ್ರು ಅಂತ ಹುಡುಕಿದ್ರಿ. ಇಲ್ಲಿ ಹೊಸದಾಗಿ ಯಾರೂ ಬಂದಿಲ್ಲ. ಹೇನು ಮೊದಲಿಂದ ಇತ್ತು. ಅದನ್ನ ತಿನ್ನೋರು ಹೋದ್ರು, ಅದು ಕೇಳೋರಿಲ್ಲದೆ ಮನೆತುಂಬ ಮಕ್ಕಳು ಮಾಡ್ಕೊಂಡು ಕೂತಿತು. ಗಿಡಕ್ಕೆ ಯಾರೂ ಏನೂ ಮಾಡಿಲ್ಲ. ಬೇಟೆಗಾರರನ್ನ ಎತ್ಕೊಂಡು ಹೋದ್ರು, ಅಷ್ಟೇ ಸಾಕಾಯ್ತು.”

“ಎಲ್ಲಿಗೆ ಎತ್ಕೊಂಡು ಹೋದ್ರು?”

“ಗೋಡೆಯಾಚೆ. ಈ ಅಣ್ಣನ ಗಿಡದಲ್ಲಿ ದುಂಡುದುಂಡಗೆ ಮೇಯ್ದುಕೊಂಡು ಕ್ಷೇಮವಾಗಿದಾರೆ. ನಾನೇ ಕಣ್ಣಾರೆ ನೋಡಿದೆ.”

“ಕಳ್ಳತನ!” ಪುಟ್ಟಿ ಕುರ್ಚಿಯಿಂದ ಎದ್ದೇಬಿಟ್ಟಳು.

“ನಾನಲ್ಲ!” ಔಷಧಿ ಅಂಗಡಿಯವರು ಎರಡೂ ಕೈ ಮೇಲೆತ್ತಿದರು. “ದೇವರಾಣೆ, ನನಗೆ ಗೊತ್ತೇ ಇಲ್ಲ!”

“ಅವರಲ್ಲ, ಕೂತ್ಕೊ. ಇವರ ಬೆರಳು ನೋಡು, ಗುಂಡಗುಂಡಗೆ. ಅಕ್ಕಿ ಕಾಳಿನಷ್ಟು ಜೀವಾನ ಎತ್ತಿದ್ರೆ ಅಲ್ಲೇ ಅಪ್ಪಚ್ಚಿ. ಗಿಡದಲ್ಲಿ ಒಂದು ಎಲೆ ಹರಿದಿಲ್ಲ, ಚಿಗುರು ಮುರಿದಿಲ್ಲ. ಅಂಥ ಕೈ ಯಾರದು? ಸೂಜಿ ಮೊನೆಯಷ್ಟು ಸ್ಕ್ರೂ ಎತ್ತಿ ಕೂರಿಸೋ ಕೈ.” ಅತ್ತೆ ದನಿ ಇಳಿಸಿದರು. “ಬೀಗರೇ, ನಿಮ್ಮ ಬಲಗಣ್ಣಿನ ಸುತ್ತ ಕೆಂಪು ಗೆರೆ ಇದೆ. ನೋಡಿದವರು ದಿಂಬಿನ ಗುರುತು ಅಂದ್ಕೋಬೇಕು. ದಿಂಬಿನ ಗುರುತು ಅಡ್ಡಾದಿಡ್ಡಿ ಇರತ್ತೆ. ನಿಮ್ಮದು ಬಳೆ ಹಾಗೆ ದುಂಡಗಿದೆ. ಗಡಿಯಾರದವರು ಕಣ್ಣಿಗೆ ಸಿಕ್ಕಿಸಿಕೊಳ್ಳೋ ಭೂತಗನ್ನಡಿ ಅದು. ಅಂಗಡಿ ಮುಚ್ಚಿ ಎಷ್ಟೋ ಕಾಲ ಆಯ್ತು. ಬೆಳಗ್ಗೆ ಬೆಳಗ್ಗೆ ಯಾವ ಗಡಿಯಾರ ರಿಪೇರಿ ಮಾಡ್ತಿದ್ರಿ?”

ತಾತ ಮಗನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಜೇಬಿನಿಂದ ಭೂತಗನ್ನಡಿ ತೆಗೆದರು, ಆಮೇಲೆ ಚಿಮಟ. ಚಿಮಟದ ಎರಡು ತುದಿಗೂ ಹತ್ತಿ ಸುತ್ತಿತ್ತು.

“ನಾನೇ,” ಎಂದರು. “ಲೋ, ಅವಳಿಗೆ ಹೇಳು—”

“ಅವನಿಗೆ ಯಾಕೆ? ಅವಳಿಗೇ ಹೇಳಿ,” ಎಂದರು ಅತ್ತೆ.

ತಾತ ಸೊಸೆಯ ಕಡೆ ತಿರುಗಿದರು.

“ಗಿಡಕ್ಕೆ ಹುಳ ಆಗಿದೆ ಅಂದ್ಕೊಂಡೆ ಕಣಮ್ಮ. ನೀನು ಕಾಲು ನೋವಲ್ಲಿ ಮಲಗಿದ್ದೆ. ಹೇಳಿದ್ರೆ ಎದ್ದು ಮೇಲೆ ಹತ್ತಿಬಿಡ್ತೀಯ. ನಾನೇ ಹೋಗಿ ಆರಿಸಿಬಿಡೋಣ ಅಂತ… ಈ ಮನೇಲಿ ನನ್ನಿಂದ ಆಗೋ ಕೆಲಸ ಅದೊಂದಾದ್ರೂ ಇದೆಯಲ್ಲ ಅನ್ನಿಸ್ತು. ಇವನು ಬಸ್ಸಿಗೆ ಹೋದ್ಮೇಲೆ, ನೀನು ಏಳೋದರೊಳಗೆ ಬರ್ತಿದ್ದೆ. ಇವತ್ತೂ ನೀವಿಬ್ಬರೂ ಏಳೋ ಮೊದಲೇ ಬಂದು, ಇನ್ನೂ ಯಾವುದಾದ್ರೂ ಉಳಿದಿದೆಯಾ ಅಂತ ನೋಡಿದೆ. ಕನ್ನಡಿ ಹಾಕಿ ನೋಡಿದ್ರೆ… ಪಾಪ, ಹಸಿರಾಗಿ ಸಣ್ಣ ಸಣ್ಣವು, ತಮ್ಮ ಪಾಡಿಗೆ ಕೂತಿದ್ವು. ಆ ಕರೀ ರಾಕ್ಷಸ ಬಂದು ಒಂದೊಂದನ್ನೇ ಹಿಡಿದು ತಿಂತಿತ್ತು. ನನ್ನ ಕೈಲಿ ನೋಡೋಕಾಗ್ಲಿಲ್ಲ. ಗಿಡ ತಿನ್ನೋದೂ ಅದೇ ಅಂದ್ಕೊಂಡೆ. ಯಾರೇ ನೋಡಿದ್ರೂ ಕೆಟ್ಟವನು ಅವನೇ ಅಂತಿದ್ರು.”

“ಆ ಪಾಪದವೇ ನಮ್ಮ ಗಿಡ ಕುಡಿದು ಮುಗಿಸಿದ್ದು, ಬೀಗರೇ,” ಎಂದರು ಅತ್ತೆ ಮೃದುವಾಗಿ. “ಸೊಪ್ಪು ತಿನ್ನೋದು ಸಾಧು, ಅದನ್ನ ತಿನ್ನೋದು ದುಷ್ಟ ಅಂತ ನಾವು ಅಂದ್ಕೋತೀವಿ. ಗಿಡಾನ ಕೇಳಿದ್ರೆ ಬೇರೆ ಹೇಳತ್ತೆ.”

“ಒಂದಾದ್ರೂ ಸತ್ತಿತಾ, ಮಾವ?” ಎಂದಳು ಪುಟ್ಟಿ.

“ಒಂದರ ಕಾಲೂ ಊನ ಮಾಡಿಲ್ಲ! ಹತ್ತಿ ಸುತ್ತಿದ್ದು ಅದಕ್ಕೇ. ಜೀವ ತೆಗೆಯೋಕೆ ಮನಸ್ಸು ಬರ್ಲಿಲ್ಲ, ಡಬ್ಬೀಲಿ ಹಾಕಿ ಗೋಡೆಯಾಚೆ ಬಿಟ್ಟೆ.”

“ಗೋಡೆಯಾಚೆಗೇ ಯಾಕೆ?”

ತಾತ ಔಷಧಿ ಅಂಗಡಿಯವರ ಕಡೆ ಓರೆಗಣ್ಣಲ್ಲಿ ನೋಡಿದರು. ಕಿವಿ ಕೆಂಪಾಯಿತು. “ಅವನ ಗಿಡ ತಿನ್ನಲಿ ಅಂತ. ಈ ಸಲ ಕಪ್ಪು ನಿನಗೆ ಬರಲಿ ಅಂತ.”

“ಅಯ್ಯೋ ತಾತಾ!” ಔಷಧಿ ಅಂಗಡಿಯವರು ಹಣೆ ಬಡಿದುಕೊಂಡರು. ಮರುಕ್ಷಣವೇ ಹೊಟ್ಟೆ ಕುಲುಕಿಸಿ ನಗಲು ಶುರು ಮಾಡಿದರು. “ನನ್ನನ್ನ ಮುಳುಗಿಸೋಕೆ ಹೋಗಿ ಸೈನ್ಯವನ್ನೇ ಕಳಿಸಿಕೊಟ್ರಲ್ಲ!”

ಪುಟ್ಟಿ ನಗಲಿಲ್ಲ. ಚೀಲ ಕಣ್ಣಿಗೆ ಬಿದ್ದಿತ್ತು. ತಾತ ಅದನ್ನು ಬಾಗಿಲ ಹೊರಗೆ ಇಟ್ಟಿದ್ದರು.

“ಬೆಳಗ್ಗೆ ಅವಳು ಹೇಳಿದ್ದು ಕೆಳಗೆ ನನಗೂ ಕೇಳಿಸ್ತು,” ಎಂದರು ತಾತ, ಮತ್ತೆ ಮಗನ ಕಡೆ ತಿರುಗಿ. “ತಪ್ಪು ಮಾಡಿದವನು ಹೋಗಬೇಕು. ನ್ಯಾಯವೇ.”

“ನಿಲ್ಲಿ ಬೀಗರೇ, ನಾನಿನ್ನೂ ಅಪರಾಧಿಯ ಹೆಸರು ಹೇಳಿಲ್ಲ.” ಅತ್ತೆ ಒಂದು ಹೆಜ್ಜೆ ಮುಂದೆ ಬಂದರು. “ಕೈ ನಿಮ್ಮದು. ಆದ್ರೆ ಗಿಡಕ್ಕೆ ಹುಳ ಆಗಿದೆ ಅಂತ ನಿಮಗೆ ಹೇಳಿದವರು ಯಾರು?”

“ಇವನೇ. ಮೆಟ್ಟಿಲಿಂದ ಕೂಗಿದ. ಗುಲಾಬಿ ಗಿಡದಲ್ಲಿ ಹುಳ ಬಿಟ್ಟಾಗಿದೆಯಂತೆ ಅಂತ.”

“ಕೇಳಿಸ್ಕೊಂಡ್ರಾ ಅಳಿಯಂದ್ರೇ? ಗಿಡದಲ್ಲಿ ಹೂ ಬಿಟ್ಟಾಗಿದೆ ಅಂದ್ರೆ ಏನರ್ಥ?”

“ಗಿಡ ಹೂ ಬಿಟ್ಟಿದೆ ಅಂತ.”

“ಮರದಲ್ಲಿ ಕಾಯಿ ಬಿಟ್ಟಾಗಿದೆ ಅಂದ್ರೆ?”

“ಕಾಯಿ ಬಿಟ್ಟಿದೆ…” ಕಂಡಕ್ಟರನ ದನಿ ಅಡಗುತ್ತಾ ಬಂತು.

“ಗಿಡದಲ್ಲಿ ಹುಳ ಬಿಟ್ಟಾಗಿದೆ ಅಂದ್ರೆ?”

ಕಂಡಕ್ಟರ್ ನಾಲಿಗೆ ಕಚ್ಚಿಕೊಂಡ.

“ಪುಟ್ಟಿ, ನೀನು ಇವರಿಗೆ ಹೇಳಿ ಕಳಿಸಿದ್ದು ಏನು?”

“‘ಹೇನು ತಿನ್ನೋಕೆ ನಾನೇ ಹುಳ ತಂದು ಬಿಟ್ಟಿದೀನಿ, ದಯವಿಟ್ಟು ಮುಟ್ಟೋದು ಬೇಡ ಅಂತ ಮಾವನಿಗೆ ಹೇಳಿ’ ಅಂದಿದ್ದೆ.”

“ನೋಡಿ! ಇಷ್ಟುದ್ದ ಮಾತಲ್ಲಿ ಮಧ್ಯದ ಎರಡು ಪದ ಕೊಟ್ಟು, ಉಳಿದ ಚಿಲ್ಲರೆ ಜೇಬಲ್ಲಿಟ್ಕೊಂಡು ಬಸ್ಸು ಹತ್ತಿದ್ರಿ. ಅಪ್ಪನನ್ನ ಉಳಿಸೋಕೆ ಆಗಲೇ ನನ್ನ ಹತ್ರ ಸುಳ್ಳು ತಪ್ಪೊಪ್ಪಿಗೆ ಕೊಟ್ರಲ್ಲ, ‘ನಾನೇ ಮಾಡಿದ್ದು’ ಅಂತ? ಅದು ನಿಜ ಕಣ್ರೀ. ಅಪರಾಧಿ ನೀವೇ!”

ಕಂಡಕ್ಟರ್ ಅಲ್ಲೇ ನೆಲದ ಮೇಲೆ ಕುಸಿದು ಕೂತ. ಬೆಳಗಿನಿಂದ ಕಳ್ಳನನ್ನು ಹುಡುಕಿ ಹುಡುಕಿ, ಕೊನೆಗೆ ತನ್ನದೇ ಬಾಯಿ! ಅರ್ಧ ಗಡ್ಡದ ಮುಖವೆತ್ತಿ ಹೆಂಡತಿಯನ್ನು ನೋಡಿದ. “ಹಾಗಾದ್ರೆ… ಹೊಸ್ತಿಲು ತುಳಿಯಬಾರದವನು ನಾನಾ?”

ಪುಟ್ಟಿ ಅವನನ್ನು ನೋಡಿದಳು. ಬಾಗಿಲಾಚೆಯ ಚೀಲ ನೋಡಿದಳು. ಹತ್ತಿ ಸುತ್ತಿದ ಚಿಮಟ ನೋಡಿದಳು. ಸಿಟ್ಟು ಎಲ್ಲಿ ಹೋಯಿತೋ, ಅವಳಿಗೇ ತಿಳಿಯಲಿಲ್ಲ. ಬದಲಿಗೆ ನಾಚಿಕೆಯಾಯಿತು. ಮಾವ ದಿನವೂ ಬೆಳಗ್ಗೆ ಈ ಮೆಟ್ಟಿಲು ಹತ್ತಿ, ತನ್ನ ಗಿಡದ ಮುಂದೆ ಮಂಡಿಯೂರಿ, ತನ್ನ ಗೆಲುವಿಗಾಗಿ ಶತ್ರುವಿನ ಮನೆಗೆ ಹುಳ ಬಿಟ್ಟಿದ್ದಾರೆ. ಅವಳು ಮಾತ್ರ ಒಂದು ದಿನವೂ ‘ಮಾವ, ತಿಂಡಿ ಆಯ್ತಾ’ ಎಂದು ನೇರವಾಗಿ ಕೇಳಿದವಳಲ್ಲ.

ಊರುಗೋಲು ಊರಿಕೊಂಡು ಹೋಗಿ ಆ ಚೀಲವನ್ನು ಎತ್ತಿ ಗಂಡನ ಮಡಿಲಿಗೆ ಎಸೆದಳು.

“ಇದನ್ನ ಕೆಳಗೆ ತಗೊಂಡು ಹೋಗಿ, ಬಟ್ಟೆ ಎಲ್ಲ ಬೀರುವಲ್ಲಿ ಜೋಡಿಸಿ. ಅದೇ ನಿಮಗೆ ಶಿಕ್ಷೆ. ಇನ್ನು ಮೇಲೆ ನಮ್ಮಿಬ್ಬರ ಮಾತು ಹೊರೋ ಕೆಲಸ ನಿಮಗೆ ಬೇಡ.” ತಾತನ ಕಡೆ ತಿರುಗಿದಳು. “ಮಾವ, ಎಲ್ಲಿಗೆ ಹೋಗ್ತೀರಾ ನನ್ನನ್ನ ಬಿಟ್ಟು? ಆ ಹುಳಗಳನ್ನ ನೋಯಿಸದೆ ವಾಪಸ್ ತರೋ ಕೈ ಇನ್ಯಾರಿಗಿದೆ?”

ತಾತ ಭೂತಗನ್ನಡಿಯನ್ನು ಅಂಗಿಯ ಚುಂಗಿನಿಂದ ಬಹಳ ಹೊತ್ತು ಒರೆಸಿದರು.

“ನನ್ನ ಗಿಡಕ್ಕೂ ನಾಲ್ಕು ಬಿಟ್ಟಿರಿ ತಾತ,” ಎಂದರು ಔಷಧಿ ಅಂಗಡಿಯವರು. “ಪುಟ್ಟಿ, ಕಪ್ಪಿನ ಮಾತು ಆಮೇಲೆ ನೋಡ್ಕೊಳ್ಳೋಣ.”

“ಊಟ ಆದ್ಮೇಲೆ,” ಎಂದಳು ಪುಟ್ಟಿ, ಕಣ್ಣೊರೆಸಿಕೊಂಡು. “ಬೆಳಗ್ಗೆಯಿಂದ ನಿಮ್ಮನ್ನ ಬಾಯಿಗೆ ಬಂದ ಹಾಗೆ ಅಂದಿದೀನಿ ಅಣ್ಣ. ಮನಸ್ಸಲ್ಲಿ ಇಟ್ಕೋಬೇಡಿ.”

ತಾತ ಗೋಡೆಯಾಚೆ ಹೋಗಿ ಕೂತರು. ಔಷಧಿ ಅಂಗಡಿಯವರು ಕೊಡೆ ಹಿಡಿದು ನೆರಳು ಮಾಡಿದರು. ಒಂದೊಂದೇ ಕಪ್ಪು ಮರಿ ಚಿಮಟದಿಂದ ಡಬ್ಬಿಗೆ, ಡಬ್ಬಿ ಗೋಡೆಯ ಮೇಲಿಂದ ಅತ್ತೆಯ ಕೈಗೆ, ಅತ್ತೆಯಿಂದ ಪುಟ್ಟಿಯ ಕುಂಚಕ್ಕೆ. ಯಾವ ಪೊಲೀಸ್ ಇಲಾಖೆಯೂ ಕಾಣೆಯಾದವರನ್ನು ಇಷ್ಟು ಮರ್ಯಾದೆಯಿಂದ ಮನೆಗೆ ಕಳಿಸಿರಲಾರದು. ಎಷ್ಟೋ ಮರಿಗಳು ಆಗಲೇ ಎಲೆಗೆ ಅಂಟಿಕೊಂಡು ಕೋಶವಾಗಲು ಕೂತಿದ್ದವು, ಅವನ್ನು ಅಲ್ಲೇ ಬಿಟ್ಟರು. ಸಿಕ್ಕಷ್ಟು ಬಂದವು.

ಬೀರು ಜೋಡಿಸಿ ಕಂಡಕ್ಟರ್ ಮೇಲೆ ಬರುವ ಹೊತ್ತಿಗೆ ತಾತ ಗುಲಾಬಿಯ ಮುಂದೆ ಮಂಡಿಯೂರಿದ್ದರು. ಕಣ್ಣಿಗೆ ಭೂತಗನ್ನಡಿ, ಮೂಗು ಎಲೆಗೆ ತಾಗುವಷ್ಟು ಹತ್ತಿರ. ತುದಿಯ ಆ ಒಂದೇ ಮೊಗ್ಗಿನ ಕತ್ತಿನ ಮೇಲೆ ಕಪ್ಪು ಮರಿಯೊಂದು ಹರಿಯುತ್ತಿತ್ತು.

“ತಿಂತಿದೆ!” ತಾತ ಕಿರುಚಿದರು. “ಪುಟ್ಟೀ! ಬಾರೇ ಬೇಗ, ಒಂದು ತಿಂತು! ಅಬ್ಬಬ್ಬ, ಇನ್ನೊಂದಕ್ಕೆ ಬಾಯಿ ಹಾಕ್ತಿದೆ ನೋಡೇ!”

ಪುಟ್ಟಿ ನೋಯುವ ಕಾಲನ್ನೂ ಮರೆತು ಅವರ ಪಕ್ಕದಲ್ಲಿ ನೆಲಕ್ಕೆ ಕೂತಳು. ಮಾವ ಭೂತಗನ್ನಡಿಯನ್ನು ತಮ್ಮ ಕಣ್ಣಿಂದ ತೆಗೆದು, ಸೊಸೆಯ ಕಣ್ಣಿಗೆ ತಾವೇ ಸಿಕ್ಕಿಸಿದರು.

“ಕಾಣ್ತಾ?”

“ಇಲ್ಲ ಮಾವ… ಮಬ್ಬುಮಬ್ಬು…”

“ಅಳು ನಿಲ್ಲಿಸು ಮೊದಲು, ಕಾಣತ್ತೆ,” ಎಂದರು ತಾತ.